ರೆಕಾರ್ಡಿನ ಬೇಸ್ ಎಷ್ಟು ಹಾಗೇ ನುಡಿಸಬೇಕು? ಕವರ್ ಬ್ಯಾಂಡಿನ ಬೇಸಿಸ್ಟ್‌ಗೆ ಒಂದು ಮಾರ್ಗದರ್ಶಿ

ಕೊಡಗಿನಲ್ಲಿ ಬ್ಯಾಂಡ್ ಇಟ್ಟುಕೊಂಡವರಿಗೆ ಕೆಲಸ ಸಿಗುವುದು ಹೆಚ್ಚಾಗಿ ಮೂರು ಕಡೆ. ಮದುವೆ ರಿಸೆಪ್ಶನ್, ರೆಸಾರ್ಟಿನ ಶನಿವಾರ ರಾತ್ರಿ, ದಸರಾ ಹೊತ್ತಿನ ಸ್ಟೇಜು. ಮೂರೂ ಕಡೆ ಜನ ನಮ್ಮ ಸ್ವಂತ ಹಾಡು ಕೇಳಲಿಕ್ಕೆ ಬಂದಿರುವುದಿಲ್ಲ. ಅವರಿಗೆ ಗೊತ್ತಿರುವ ಹಾಡು ಬೇಕು. ಅದರಲ್ಲಿ ತಪ್ಪೇನೂ ಇಲ್ಲ. ಊಟದ ಮನೆಗೆ ಬಂದವರು ಗೊತ್ತಿರುವ ಸಾರನ್ನೇ ಕೇಳುತ್ತಾರೆ, ಅಲ್ವಾ?

ನಾನು ಬೇಸ್ ಗಿಟಾರ್ ನುಡಿಸುವವನು. ಹೊಸದಾಗಿ ಬೇಸ್ ಹಿಡಿದ ಹುಡುಗರು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. 'ಅಣ್ಣ, ರೆಕಾರ್ಡಿನಲ್ಲಿ ಇದ್ದ ಹಾಗೇ ನುಡಿಸಬೇಕಾ, ಇಲ್ಲ ಕಾರ್ಡ್ಸ್ ನೋಡಿಕೊಂಡು ನಮ್ಮದೇ ಏನಾದ್ರೂ ಹಾಕಬಹುದಾ?' ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು.

ಇಡೀ ಹಾಡಿಗೆ ಸೇರಿ ಒಂದು ಉತ್ತರ ಹೇಳಲು ಆಗುವುದಿಲ್ಲ. ಒಂದೇ ಹಾಡಿನೊಳಗೆ ಕೂದಲೆಳೆಯಷ್ಟೂ ಬದಲಿಸಬಾರದ ನಾಲ್ಕು ಬಾರ್ (ತಾಳದ ಒಂದೊಂದು ಸುತ್ತು) ಇರುತ್ತದೆ. ಅದರ ಪಕ್ಕದಲ್ಲೇ, ನೀವು ಏನು ನುಡಿಸಿದರೂ ಯಾರ ಗಮನಕ್ಕೂ ಬಾರದ ಹದಿನಾರು ಬಾರ್ ಇರುತ್ತದೆ. ಎಲ್ಲಿ ಯಾವುದು ಅಂತ ಗುರುತಿಸುವುದು ಹೇಗೆ ಅನ್ನುವುದನ್ನು ನಾನು ಮಾಡುವ ಕ್ರಮದಲ್ಲೇ ಹೇಳುತ್ತೇನೆ. ಈ ಕ್ರಮ ನನಗೆ ಬಂದಿದ್ದು ಪೆಟ್ಟು ತಿಂದ ಮೇಲೆ. ಮೊದಲು ಆ ಪೆಟ್ಟಿನ ಕಥೆ.

ವಿರಾಜಪೇಟೆಯಲ್ಲಿ ಒಂದು ಮದುವೆ. ಎರಡನೇ ಹಾಡು 'ಸ್ಟ್ಯಾಂಡ್ ಬೈ ಮಿ'. ಬೆನ್ ಇ. ಕಿಂಗ್ ಹಾಡಿದ್ದು, 1961ರದ್ದು. ಶುರುವಿನಲ್ಲಿ ಬೇಸ್ ಮತ್ತು ಸಣ್ಣ ತಾಳವಾದ್ಯ ಬಿಟ್ಟರೆ ಜಾಸ್ತಿ ಏನೂ ಇಲ್ಲ. ಅಂದರೆ ಸ್ಟೇಜು ಪೂರ್ತಿ ನನ್ನದು. ನಾನು ಆಗಷ್ಟೇ ಒಂದಷ್ಟು ಸ್ಲೈಡು, ಒಂದಷ್ಟು ಮೇಲಿನ ನೋಟು ಕಲಿತಿದ್ದೆ. ಎಲ್ಲವನ್ನೂ ಅಲ್ಲೇ ಸುರಿದೆ. ನಮ್ಮ ಗಾಯಕ ಬಾರ್ ಎಣಿಸುವವನಲ್ಲ. ಬೇಸಿನ ಆ ಪರಿಚಿತ ನಡೆ ತಿರುಗಿ ಬರುವುದನ್ನು ಕೇಳಿಕೊಂಡು ಬಾಯಿ ತೆರೆಯುವವನು. ಆ ನಡೆಯೇ ಕಾಣಿಸದೆ ಒಂದು ಬಾರ್ ಮುಂಚೆ ಹಾಡಲು ಶುರುಮಾಡಿದ. ಡ್ರಮ್ಮರ್ ಅವನ ಹಿಂದೆ ಹೋದ, ಗಿಟಾರಿಸ್ಟ್ ನನ್ನ ಹಿಂದೆ ಬಂದ. ಎಂಟು ಬಾರ್ ಹೊತ್ತು ಯಾರು ಎಲ್ಲಿದ್ದೇವೆ ಅಂತ ಯಾರಿಗೂ ಗೊತ್ತಿಲ್ಲ. ಊಟದ ಹೊತ್ತಿಗೆ ಒಬ್ಬ ನಿವೃತ್ತ ಸುಬೇದಾರರು ತಟ್ಟೆ ಹಿಡಿದುಕೊಂಡೇ ಬಂದರು. 'ಹಾಡು ಚೆಂದ ಇತ್ತು ಹುಡುಗಾ. ಶುರುವಲ್ಲಿ ಮಾತ್ರ ಯಾವ ಹಾಡು ಅಂತ ಗೊತ್ತಾಗ್ಲಿಲ್ಲ ಮಾರಾಯ.'

ಅವರು ಬೈಯಲಿಲ್ಲ. ನಿಜ ಹೇಳಿದರು.

ಹೆಜ್ಜೆ 1: ಬೇಸ್ ಮುಟ್ಟದೆ ಕೇಳಿ

ಮೊದಲ ದಿನ ಗಿಟಾರ್ ಬ್ಯಾಗಿನಲ್ಲೇ ಇರಲಿ. ಹಾಡನ್ನು ಮೂರು ಸಲ ಕೇಳಿ. ಫೋನಿನ ಸ್ಪೀಕರಿನಲ್ಲಿ ಬೇಡ, ಒಳ್ಳೆಯ ಇಯರ್‌ಫೋನ್ ಹಾಕಿಕೊಳ್ಳಿ. ಬೇಸಿನ ಖಾಲಿ ಇ ತಂತಿಯ, ಅಂದರೆ ಬೆರಳೊತ್ತದೆ ಮೀಟಿದ ದಪ್ಪ ತಂತಿಯ ಕಂಪನ ಸುಮಾರು 41 ಹರ್ಟ್ಸ್, ಸೆಕೆಂಡಿಗೆ 41 ಸಲ. ಫೋನಿನ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದಿಲ್ಲ. ಆ ನೋಟಿನ ಮೇಲಿನ ಪಡಿದನಿಗಳನ್ನಷ್ಟೇ ಕೇಳಿಸುತ್ತದೆ. ಹಾಗೆ ಕೇಳಿ ಕಲಿತರೆ ಕೆಳಗಿನ ನೋಟನ್ನು ಒಂದು ಆಕ್ಟೇವ್ (ಒಂದು ಸ್ಥಾಯಿ) ಮೇಲೆ ಇದೆ ಅಂತ ತಿಳಿದುಬಿಡುತ್ತೀರಿ. ನಾನು ಹಾಗೆ ಕಲಿತ ಹಾಡುಗಳು ಒಂದೆರಡಲ್ಲ.

ಆಮೇಲೆ ಒಂದು ಸಣ್ಣ ಪರೀಕ್ಷೆ. ಮನೆಯಲ್ಲಿ ಸಂಗೀತದ ಗಂಧ ಇಲ್ಲದವರನ್ನು ಹಿಡಿಯಿರಿ. ತಂಗಿ, ಅತ್ತೆ, ಪಕ್ಕದ ಮನೆಯವರು ಯಾರಾದರೂ ಸರಿ. 'ಈ ಹಾಡು ಹೇಗೆ ಶುರುವಾಗುತ್ತೆ, ಸ್ವಲ್ಪ ಗುನುಗಿ' ಅನ್ನಿ. ಅವರ ಬಾಯಲ್ಲಿ 'ಡುಮ್, ಡುಮ್... ಡುಡುಮ್' ಅಂತ ಬೇಸ್ ಬಂದರೆ ಮುಗಿಯಿತು, ಆ ಭಾಗ ನಿಮ್ಮದಲ್ಲ, ಜನರದ್ದು. ಹಾಡಿನ ಸಾಲು ಮಾತ್ರ ಬಂದರೆ ನಿಮಗೆ ಜಾಗ ಇದೆ ಅಂತ ಅರ್ಥ. ಬೇಸಿಸ್ಟ್‌ಗಳನ್ನು ಮಾತ್ರ ಕೇಳಬೇಡಿ. ಅವರ ಕಿವಿಗೆ ಬೇಸ್ ಬಿಟ್ಟು ಬೇರೇನೂ ಬೀಳುವುದಿಲ್ಲ.

ಹೆಜ್ಜೆ 2: ಬಿಡುವುದನ್ನೂ ಸೇರಿಸಿ ಪೂರ್ತಿ ಕಲಿಯಿರಿ

'ಹೇಗೂ ಸ್ಟೇಜಿನಲ್ಲಿ ಸರಳ ಮಾಡ್ತೀನಿ, ಪೂರ್ತಿ ಯಾಕೆ ಕಲೀಬೇಕು?' ಅಂತ ಅನ್ನಿಸುತ್ತದೆ. ಏನನ್ನು ಬಿಡುತ್ತಿದ್ದೀರಿ ಅಂತ ಗೊತ್ತಿದ್ದರೆ ಅದು ಆಯ್ಕೆ. ಗೊತ್ತಿಲ್ಲದಿದ್ದರೆ ಸೋಮಾರಿತನ. ಕೇಳುವವರಿಗೆ ಎರಡರ ವ್ಯತ್ಯಾಸ ಹೇಗೋ ತಿಳಿಯುತ್ತದೆ.

ಇಂಟರ್‌ನೆಟ್ಟಿನಲ್ಲಿ ಸಿಗುವ ಟ್ಯಾಬ್ (ಯಾವ ತಂತಿಯನ್ನು ಎಲ್ಲಿ ಒತ್ತಬೇಕು ಅಂತ ಅಂಕೆಯಲ್ಲಿ ಬರೆದದ್ದು) ನಂಬಿ ಕೂರಬೇಡಿ. ಅದು ಯಾರೋ ನಮ್ಮ ಹಾಗೆ ಕಿವಿಯಲ್ಲಿ ಕೇಳಿ ಬರೆದದ್ದು. ಸುಳಿವಾಗಿ ಇಟ್ಟುಕೊಳ್ಳಿ, ಸಾಕು. ಶ್ರುತಿ ಬದಲಾಗದೆ ವೇಗ ಮಾತ್ರ ಇಳಿಸುವ ಆ್ಯಪ್‌ಗಳಿವೆ. ಅರ್ಧ ವೇಗದಲ್ಲಿ ನಾಲ್ಕು ನಾಲ್ಕು ಬಾರ್ ತಿರುಗಿಸಿ ಕೇಳಿ. ಕೇಳಿದ್ದನ್ನು ಬಾಯಲ್ಲಿ ಹಾಡಿದ ಮೇಲೆ ಕೈಗೆ ತನ್ನಿ.

ಹಾಡಿನ ಜೊತೆ ನುಡಿಸಿದಾಗ ಎಲ್ಲವೂ ಸ್ವಲ್ಪ ಅಪಶ್ರುತಿ ಅನಿಸಿದರೆ ನಿಮ್ಮ ಕಿವಿಯನ್ನು ಬೈಯಬೇಡಿ. ಗನ್ಸ್ ಎನ್ ರೋಸಸ್‌ನವರ 1987ರ 'ಸ್ವೀಟ್ ಚೈಲ್ಡ್ ಓ ಮೈನ್' ಹಾಡಿನಲ್ಲಿ ಗಿಟಾರು, ಬೇಸು ಎರಡನ್ನೂ ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿದ್ದಾರೆ. ಹಳೆಯ ಟೇಪ್ ರೆಕಾರ್ಡಿಂಗುಗಳು ಎರಡು ಸ್ವರಗಳ ಮಧ್ಯೆ ಎಲ್ಲೋ ನಿಂತಿರುವುದೂ ಉಂಟು.

ಇನ್ನೊಂದು ಮುಖ್ಯ ವಿಷಯ. 'ಒರಿಜಿನಲ್ ಬೇಸ್' ಅಂತ ನಾವು ತಿಳಿದುಕೊಂಡಿದ್ದು ಕೆಲವು ಸಲ ಬೇಸೇ ಆಗಿರುವುದಿಲ್ಲ. ವೈಟ್ ಸ್ಟ್ರೈಪ್ಸ್‌ನವರ 'ಸೆವೆನ್ ನೇಷನ್ ಆರ್ಮಿ' 2003ರದ್ದು. ಸ್ಟೇಡಿಯಂಗಳಲ್ಲಿ ಇಡೀ ಜನ ಗುನುಗುವ ಅದರ ಸಾಲನ್ನು ಜ್ಯಾಕ್ ವೈಟ್ ನುಡಿಸಿದ್ದು ಗಿಟಾರಿನಲ್ಲಿ, ಒಂದು ಆಕ್ಟೇವ್ ಇಳಿಸುವ ಪೆಡಲ್ ಹಾಕಿ. ಲೂ ರೀಡ್‌ನ 'ವಾಕ್ ಆನ್ ದ ವೈಲ್ಡ್ ಸೈಡ್', 1972ರದ್ದು, ಅದರಲ್ಲಿ ಹರ್ಬಿ ಫ್ಲವರ್ಸ್ ಎರಡು ಸಲ ನುಡಿಸಿದ್ದಾರೆ. ಒಮ್ಮೆ ನಿಂತು ನುಡಿಸುವ ದೊಡ್ಡ ಡಬಲ್ ಬೇಸಿನಲ್ಲಿ, ಅದರ ಮೇಲೆ ಇನ್ನೊಮ್ಮೆ ಎಲೆಕ್ಟ್ರಿಕ್ ಬೇಸಿನಲ್ಲಿ. ನಮಗಿರುವುದು ಎರಡೇ ಕೈ, ಒಂದೇ ಬೇಸು. ಇನ್ನು ಪ್ರಿನ್ಸ್‌ನ 1984ರ 'ವೆನ್ ಡವ್ಸ್ ಕ್ರೈ' ಹಾಡಿನಲ್ಲಿ ಬೇಸ್ ಇಲ್ಲವೇ ಇಲ್ಲ. ಬೇಕೆಂದೇ ತೆಗೆದದ್ದು. ಅದನ್ನು ನಿಯತ್ತಾಗಿ ನುಡಿಸುವುದಾದರೆ ಸ್ಟೇಜಿನಿಂದ ಇಳಿದು ಒಂದು ಕಾಫಿ ಕುಡಿದು ಬರಬೇಕು!

ಇಂಥ ಹಾಡು ಬಂದಾಗ ರೆಕಾರ್ಡನ್ನು ನಕಲು ಮಾಡುವ ಪ್ರಶ್ನೆಯೇ ಏಳುವುದಿಲ್ಲ. ಅದರ ಪರಿಣಾಮ ಏನು ಅಂತ ಹಿಡಿಯಬೇಕು. ಲೂ ರೀಡ್ ಹಾಡಿನಲ್ಲಿ ಎರಡು ಬೇಸು ಎದುರುಬದುರು ಜಾರುವ ಆ ಜಾರಾಟವೇ ಗುರುತು. ಒಂದರಲ್ಲೇ ನುಡಿಸುವಾಗ ಆ ಜಾರುವಿಕೆಯನ್ನಾದರೂ ಉಳಿಸಿಕೊಳ್ಳಿ, ಮೇಲಿನ ಸಾಲನ್ನು ಗಿಟಾರಿಸ್ಟ್‌ಗೆ ಕೊಡಿ.

ಹೆಜ್ಜೆ 3: ಎರಡು ಪೆನ್ನು ಹಿಡಿದು ಕೂರಿ

ಇದೇ ಮುಖ್ಯ ಹೆಜ್ಜೆ. ಹಾಡಿನ ಭಾಗಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇಂಟ್ರೋ, ಪಲ್ಲವಿ, ಚರಣ, ಎರಡನ್ನು ಜೋಡಿಸುವ ಬ್ರಿಡ್ಜ್, ಸೋಲೋ, ಎಂಡಿಂಗ್, ಹೀಗೆ. ಮುಟ್ಟಬಾರದ ಜಾಗಕ್ಕೆ ಕೆಂಪು ಗೆರೆ. ಆಕಾರ ಉಳಿಸಿ ನೋಟು ಬದಲಿಸಬಹುದಾದ ಕಡೆ ನೀಲಿ ಗೆರೆ. ಉಳಿದದ್ದಕ್ಕೆ ಗೆರೆಯೇ ಬೇಡ.

ಕೆಂಪು ಗೆರೆ ಎಳೆಯಬೇಕಾದ ಜಾಗಗಳು ನಾವು ಅಂದುಕೊಂಡಿದ್ದಕ್ಕಿಂತ ಕಡಿಮೆ. ಆದರೆ ಇದ್ದಷ್ಟರಲ್ಲಿ ರಾಜಿ ಇಲ್ಲ.

ಒಂದನೆಯದು, ಹಾಡಿನ ಗುರುತೇ ಬೇಸ್ ಆಗಿರುವ ಜಾಗ. 'ಸ್ಟ್ಯಾಂಡ್ ಬೈ ಮಿ' ಹಾಗೆ. ಎ ಕಾರ್ಡ್ ಎರಡು ಬಾರ್, ಎಫ್ ಶಾರ್ಪ್ ಮೈನರ್ ಎರಡು, ಡಿ ಒಂದು, ಇ ಒಂದು, ಮತ್ತೆ ಎ ಎರಡು. ಈ ಎಂಟು ಬಾರ್ ಹಾಡಿನುದ್ದಕ್ಕೂ ತಿರುಗುತ್ತಲೇ ಇರುತ್ತದೆ. ಅದರ ಮೇಲೆ ಗಾಯಕ ಏನು ಬೇಕಾದರೂ ಮಾಡಬಹುದು, ಯಾಕೆಂದರೆ ಕೆಳಗೆ ನೆಲ ಅಲ್ಲಾಡುವುದಿಲ್ಲ. ನಾನು ವಿರಾಜಪೇಟೆಯಲ್ಲಿ ಅಲ್ಲಾಡಿಸಿದ್ದು ಅದನ್ನೇ.

ಎರಡನೆಯದು, ಕಾರ್ಡನ್ನು ಬೇಸೇ ತಿರುಗಿಸುವ ಜಾಗ. ಗಿಟಾರಿಸ್ಟ್ ನಾಲ್ಕು ಬಾರ್ ಒಂದೇ ಎ ಮೈನರ್ ಹಿಡಿದಿರುತ್ತಾನೆ ಅಂತಿಟ್ಟುಕೊಳ್ಳಿ. ಕೆಳಗೆ ಬೇಸ್ ಎ, ಜಿ, ಎಫ್ ಶಾರ್ಪ್, ಎಫ್ ಅಂತ ಮೆಟ್ಟಿಲಿಳಿಯುತ್ತದೆ. ಕೇಳುವವರಿಗೆ ನಾಲ್ಕು ಬೇರೆ ಬೇರೆ ಕಾರ್ಡ್ ಕೇಳಿಸುತ್ತದೆ. ನೀವು 'ಕಾರ್ಡ್ ಶೀಟಿನಲ್ಲಿ ಎ ಮೈನರ್ ಅಂತಿದೆಯಲ್ಲ' ಅಂತ ನಾಲ್ಕೂ ಬಾರ್ ಎ ನೋಟನ್ನೇ ನುಡಿಸಿದರೆ ಹಾಡು ಅಲ್ಲೇ ಸಪ್ಪೆಯಾಗುತ್ತದೆ. ಏನು ಕಳೆಯಿತು ಅಂತ ಯಾರಿಗೂ ಹೇಳಲು ಬರುವುದಿಲ್ಲ, ಆದರೆ ಕಳೆದದ್ದು ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮ ರಸಮಂಜರಿ ಆರ್ಕೆಸ್ಟ್ರಾಗಳಲ್ಲಿ ಇಳಯರಾಜಾ ಹಾಡುಗಳಿಗೆ ಆಗುವ ಅನ್ಯಾಯ ಇದೇ. 1981ರ 'ಗೀತಾ' ಚಿತ್ರದ ಹಾಡುಗಳಿಲ್ಲದೆ ಇಲ್ಲಿ ಯಾವ ಕಾರ್ಯಕ್ರಮವೂ ಮುಗಿಯುವುದಿಲ್ಲ. ಇಳಯರಾಜಾ ವಾದ್ಯಗಳ ಭಾಗಗಳನ್ನು ಸ್ವರಲಿಪಿಯಲ್ಲಿ ಬರೆದು ಕೊಡುವವರು. ಅವರ ಹಾಡಿನಲ್ಲಿ ಬೇಸ್ ಹಾಡುಗಾರನ ಹಿಂದೆ ನಡೆಯುವ ಆಳಲ್ಲ, ಪಕ್ಕದಲ್ಲಿ ಬೇರೆಯೇ ರಾಗ ಹಾಡಿಕೊಂಡು ಹೋಗುವ ಇನ್ನೊಬ್ಬ ಗಾಯಕ. ಅಂಥ ಕಡೆ ರೂಟ್ ನೋಟ್ (ಕಾರ್ಡಿಗೆ ಹೆಸರು ಕೊಟ್ಟ ನೋಟು) ಮಾತ್ರ ಹಿಡಿದು ಕೂತರೆ ಆ ಇನ್ನೊಬ್ಬ ಗಾಯಕನ ಬಾಯಿ ಮುಚ್ಚಿಸಿದ ಹಾಗೆ.

ಮೂರನೆಯದು, ಎಲ್ಲರೂ ಸೇರಿ ನಿಲ್ಲುವ, ಎಲ್ಲರೂ ಸೇರಿ ಹೊಡೆಯುವ ಜಾಗಗಳು. ಡ್ರಮ್ಸಿನ ಕಿಕ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್ಮು) ಜೊತೆ ಬೇಸ್ ಒಂದು ಬೀಟಿನ ಅರ್ಧ ಮುಂಚೆ ನುಗ್ಗುವ ಕಡೆಗಳೂ ಇದರಲ್ಲೇ ಸೇರಿದವು. ಪಲ್ಲವಿಗೆ ಕರೆದುಕೊಂಡು ಹೋಗುವ ಮೂರು ನಾಲ್ಕು ನೋಟಿನ ಓಟವೂ ಅಷ್ಟೇ. ಅದು ಗಾಯಕನಿಗೆ ಬಾಗಿಲು ತೆರೆದ ಸದ್ದು.

ನೀಲಿ ಗೆರೆಗೆ ಜಾನ್ ಡೆನ್ವರ್‌ನ 1971ರ 'ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್' ಒಳ್ಳೆಯ ಉದಾಹರಣೆ. ಗುಡ್ಡದೂರಿನವರಿಗೆ ಈ ಹಾಡಿನ ಮೇಲೆ ಏನೋ ಒಂದು ಮೋಹ. ರಾತ್ರಿ ಒಂಬತ್ತಾದ ಮೇಲೆ ನಾಲ್ಕು ಟೇಬಲಿನಿಂದ ಚೀಟಿ ಬರುತ್ತದೆ. ಅಲ್ಲಿ ಬೇಕಾದದ್ದು ರೂಟ್ ಮತ್ತು ಸ್ಕೇಲಿನಲ್ಲಿ ಅದರಿಂದ ಎಣಿಸಿದರೆ ಬರುವ ಐದನೇ ನೋಟಿನ ಮಧ್ಯೆ ತೂಗಾಡುವ ನಡೆ. ಯಾವ ಬಾರಿನಲ್ಲಿ ಐದನೆಯದನ್ನು ಮೇಲೆ ಹಿಡಿದಿರಿ, ಯಾವುದರಲ್ಲಿ ಕೆಳಗೆ ಹಿಡಿದಿರಿ ಅಂತ ಯಾರೂ ಲೆಕ್ಕ ಇಡುವುದಿಲ್ಲ. ಜನ ತಾವೇ ಹಾಡುತ್ತಿರುತ್ತಾರೆ.

2006ರ 'ಮುಂಗಾರು ಮಳೆ'ಯ 'ಅನಿಸುತಿದೆ' ಕೂಡ ನನ್ನ ಹಾಳೆಯಲ್ಲಿ ಬಹುಪಾಲು ನೀಲಿಯೇ. ಮಡಿಕೇರಿಯಲ್ಲಿ ನಡೆಯುವ ಕಥೆ ಅಂತಲೋ ಏನೋ, ರೆಸಾರ್ಟಿಗೆ ಬಂದವರು ಕೇಳದೆ ಹೋಗುವುದಿಲ್ಲ. ಅವರ ಕಿವಿ ಇರುವುದು ಗಾಯಕನ ದನಿಯ ಮೇಲೆ. ಬೇಸ್ ಅದಕ್ಕೆ ಅಡ್ಡ ಬರದೆ ಇದ್ದರೆ ಆಯಿತು.

ಗೆರೆ ಇಲ್ಲದ ಜಾಗ ಅಂದರೆ ಗಿಟಾರ್ ಸೋಲೋದ ಹಿಂದೆ, ಉದ್ದವಾಗಿ ಎಳೆಯುವ ಕೊನೆಯಲ್ಲಿ. ಅಲ್ಲಿ ಮೂಲ ಬ್ಯಾಂಡಿನವರೇ ಸ್ಟೇಜಿನಲ್ಲಿ ಬೇರೆ ನುಡಿಸುತ್ತಾರೆ. ಅನುಮಾನ ಇದ್ದರೆ ಅದೇ ಹಾಡಿನ ಎರಡು ಲೈವ್ ವಿಡಿಯೋ ನೋಡಿ. ಹಾಡು ನುಡಿಸಿದವರೇ ಎಲ್ಲಿ ಬದಲಿಸಿದ್ದಾರೆ, ಎಲ್ಲಿ ಬದಲಿಸಿಲ್ಲ ಅನ್ನುವುದು ನಿಮ್ಮ ಗೆರೆಗಳಿಗೆ ಸಿಗುವ ಅತಿ ಒಳ್ಳೆಯ ಸಾಕ್ಷಿ.

ಹೆಜ್ಜೆ 4: ನೋಟ್ ಎಲ್ಲಿ ನಿಲ್ಲುತ್ತದೆ ಅಂತ ನೋಡಿ

ಹೆಚ್ಚಿನವರು ಎಡವುವುದು ಇಲ್ಲೇ. ನೋಟು ಸರಿ, ಫ್ರೆಟ್ ಸರಿ, ವೇಗ ಸರಿ. ಆದರೂ ಹಾಡು ಆ ಹಾಡಿನ ಹಾಗೆ ಕೇಳುವುದಿಲ್ಲ. ಯಾಕೆ? ನೋಟ್ ಯಾವಾಗ ಶುರುವಾಗುತ್ತದೆ ಅಂತ ಕಲಿತಿದ್ದಾರೆ, ಯಾವಾಗ ಮುಗಿಯುತ್ತದೆ ಅಂತ ಕಲಿತಿಲ್ಲ.

ಕ್ವೀನ್‌ನವರ 'ಅನದರ್ ಒನ್ ಬೈಟ್ಸ್ ದ ಡಸ್ಟ್' ತೆಗೆದುಕೊಳ್ಳಿ. 1980ರದ್ದು, ಬರೆದದ್ದೂ ಬೇಸಿಸ್ಟ್ ಜಾನ್ ಡೀಕನ್ ಅವರೇ. ಇ ನೋಟ್ ಮೂರು ಸಲ. ಪ್ರತಿ ಹೊಡೆತದ ಆಮೇಲೆ ಖಾಲಿ. ಆ ಖಾಲಿಯಲ್ಲಿ ಡ್ರಮ್ಸ್ ಕಾಣಿಸುತ್ತದೆ, ಜನರ ಭುಜ ಕುಣಿಯುವುದೂ ಆ ಖಾಲಿಯಲ್ಲೇ. ಆ ಮೂರು ಇ ನೋಟುಗಳನ್ನು ಒಂದಕ್ಕೊಂದು ತಾಗುವ ಹಾಗೆ ಎಳೆದು ನುಡಿಸಿ ನೋಡಿ. ನೋಟು ಒಂದೂ ತಪ್ಪಿಲ್ಲ, ಹಾಡು ಸತ್ತಿರುತ್ತದೆ.

'ಹೋಟೆಲ್ ಕ್ಯಾಲಿಫೋರ್ನಿಯಾ'ದಲ್ಲೂ ಇದೇ ಕಥೆ. ಈಗಲ್ಸ್‌ನವರ 1976ರ ಹಾಡು, ಬೇಸ್ ರ‍್ಯಾಂಡಿ ಮೈಸ್ನರ್ ಅವರದ್ದು. ಚರಣದಲ್ಲಿ ಬೇಸು ಬಿಟ್ಟು ಬಿಟ್ಟು ಬರುತ್ತದೆ, ಸ್ವಲ್ಪ ಜಮೈಕಾದ ರೆಗ್ಗೆ ಸಂಗೀತದ ಕಡೆಗೆ ವಾಲಿದ ಹಾಗೆ. ನಮ್ಮವರು ಆ ಖಾಲಿ ಜಾಗ ಕಂಡರೆ ಸುಮ್ನೆ ಇರುವುದಿಲ್ಲ, ಎಂಟೆಂಟು ನೋಟು ಸಾಲಾಗಿ ತುಂಬಿಸುತ್ತಾರೆ. ಅಲ್ಲಿಗೆ ಅದು ಯಾವುದೋ ರಾಕ್ ಹಾಡಾಗುತ್ತದೆ.

ಅಭ್ಯಾಸ ಹೀಗೆ ಮಾಡಿ. ಹಾಡು ಹಾಕಿಕೊಂಡು, ಬೇಸ್ ನುಡಿಸದೆ, ಬೇಸ್ ನಿಂತ ಕ್ಷಣದಲ್ಲಿ ಮಾತ್ರ ತೊಡೆ ತಟ್ಟಿ. ಮೊದಮೊದಲು ತಲೆ ಕೆಡುತ್ತದೆ. ಹತ್ತು ನಿಮಿಷದಲ್ಲಿ ನೀವು ಇಷ್ಟು ದಿನ ಕೇಳಿಸಿಕೊಳ್ಳದ ಇನ್ನೊಂದು ತಾಳ ಕೇಳಿಸುತ್ತದೆ. ಆಮೇಲೆ ಎಡಗೈ ಬೆರಳನ್ನು ತಂತಿಯಿಂದ ಸ್ವಲ್ಪವೇ ಸಡಿಲಿಸಿ ನೋಟನ್ನು ಅಲ್ಲೇ ಮುಗಿಸುವುದನ್ನು ರೂಢಿ ಮಾಡಿ. ಖಾಲಿ ತಂತಿಯಾದರೆ ಬಲಗೈಯಿಂದ ಮುಚ್ಚಿ.

ಇದು ನನಗೆ ಸರಿಯಾಗಿ ಅರ್ಥವಾದದ್ದು ಯಾವ ವಿಡಿಯೋದಿಂದಲೂ ಅಲ್ಲ, ವಾಲಗದಿಂದ. ಕೊಡವ ಮದುವೆಗಳಲ್ಲಿ ನಮ್ಮ ಸೆಟ್ ಮುಗಿದ ಮೇಲೆ ವಾಲಗ ಶುರುವಾಗುತ್ತದೆ. ಅಲ್ಲಿಯವರೆಗೆ ಕುರ್ಚಿ ಬಿಡದ ಅಜ್ಜಂದಿರು ಕೂಡ ಕೈ ಎತ್ತಿ ಕುಣಿಯಲು ಬರುತ್ತಾರೆ. ಒಂದು ಸಲ ಬೇಸ್ ಬ್ಯಾಗಿಗೆ ಹಾಕುತ್ತಾ ನಿಂತು ನೋಡಿದೆ. ಊದುವವರು ರಾಗವನ್ನು ಒಂದೊಂದು ಸಲ ಒಂದೊಂದು ಥರ ಬಾಗಿಸುತ್ತಿದ್ದರು. ಯಾರಿಗೂ ಚಿಂತೆ ಇಲ್ಲ. ಆದರೆ ಹೊಡೆತದವರು ಕಾಲು ಬೀಳುವ ಜಾಗವನ್ನು ಒಮ್ಮೆಯೂ ಸರಿಸಲಿಲ್ಲ. ಎತ್ತಿದ ಕಾಲಿಗೂ ಇಳಿಯುವ ಕಾಲಿಗೂ ಮಧ್ಯೆ ಇರುವ ಖಾಲಿಯನ್ನೂ ಮುಟ್ಟಲಿಲ್ಲ. ಅವತ್ತು ಮನೆಗೆ ಬಂದು ನನ್ನ ಹಾಳೆಗಳ ಕೆಂಪು ಗೆರೆಗಳನ್ನು ಮತ್ತೊಮ್ಮೆ ಎಳೆದೆ. ಕೆಲವು ಅಳಿಸಿ ಹೋದವು, ಕೆಲವು ಹೊಸದಾಗಿ ಬಂದವು.

ಹೆಜ್ಜೆ 5: ಸೌಂಡ್ ಹತ್ತಿರ ಬಂದರೆ ಸಾಕು

ಮೂಲ ಬೇಸಿಸ್ಟ್ ಯಾವ ಕಂಪನಿಯ ಗಿಟಾರ್ ಹಿಡಿದಿದ್ದ ಅಂತ ಹುಡುಕುತ್ತಾ ಕೂತು ಸಾಲ ಮಾಡಬೇಡಿ. ಮೂರು ವಿಷಯ ಗಮನಿಸಿದರೆ ಮುಕ್ಕಾಲು ಭಾಗ ಬಂತು. ಬೆರಳಲ್ಲಿ ನುಡಿಸಿದ್ದಾ, ಪಿಕ್ಕಿನಲ್ಲಾ? ತಂತಿಯನ್ನು ಎಲ್ಲಿ ಮೀಟಿದ್ದು, ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿ ಕೂರುವ ಪಟ್ಟಿ) ಹತ್ತಿರವಾ, ಕುತ್ತಿಗೆ ಹತ್ತಿರವಾ? ನೋಟ್ ಗುಂಯ್ ಅಂತ ಉಳಿಯುತ್ತದಾ, 'ಡಪ್' ಅಂತ ಸಾಯುತ್ತದಾ?

1960ರ ದಶಕದ ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳು ಒಂದರಲ್ಲೇ ಮೀಟುತ್ತಿದ್ದರು. ನಯವಾದ ಫ್ಲ್ಯಾಟ್‌ವೌಂಡ್ ತಂತಿ ಹಾಕುತ್ತಿದ್ದರು. ಆ ಥರದ ದುಂಡನೆಯ, ಬೇಗ ಸಾಯುವ ಸದ್ದು ಬೇಕಾದರೆ ಪಾತ್ರೆ ತೊಳೆಯುವ ಸ್ಪಂಜಿನ ಒಂದು ತುಂಡು ಕತ್ತರಿಸಿ ಬ್ರಿಡ್ಜ್ ಪಕ್ಕ ತಂತಿಗಳ ಕೆಳಗೆ ತುರುಕಿ. ಮೂರು ಹಾಡಾದ ಮೇಲೆ ಕಿತ್ತು ಜೇಬಿಗೆ ಹಾಕಿಕೊಳ್ಳಿ. ನಮ್ಮ ಮಳೆಗಾಲದ ತೇವಕ್ಕೆ ಹೊಸ ತಂತಿ ತಿಂಗಳಲ್ಲೇ ಮಂಕಾಗುತ್ತದೆ. ಹಳೆಯ ಹಾಡುಗಳಿಗೆ ಆ ಮಂಕು ತಂತಿಯೇ ಚೆಂದ. ಕೊಡಗಿನ ಹವೆಯಿಂದ ಬೇಸಿಸ್ಟ್‌ಗೆ ಆಗುವ ಒಂದೇ ಉಪಕಾರ ಅದು.

ಹೆಜ್ಜೆ 6: ನಿಮ್ಮ ಬ್ಯಾಂಡಿಗೆ ಹೊಲಿಸಿಕೊಳ್ಳಿ

ರೆಕಾರ್ಡಿನಲ್ಲಿ ಎರಡು ಗಿಟಾರು, ಕೀಬೋರ್ಡು, ವಯಲಿನ್ ಗುಂಪು ಎಲ್ಲ ಇರುತ್ತದೆ. ನಿಮ್ಮಲ್ಲಿ ಒಂದು ಗಿಟಾರು, ಡ್ರಮ್ಸು, ನೀವು. ಗಿಟಾರಿಸ್ಟ್ ಸೋಲೋಗೆ ಹೋದ ಕೂಡಲೇ ಮಧ್ಯದಲ್ಲಿ ದೊಡ್ಡ ಗುಂಡಿ ಬೀಳುತ್ತದೆ. ಅಂಥ ಹೊತ್ತಿನಲ್ಲಿ ರೆಕಾರ್ಡಿನ ಸರಳ ಬೇಸಿಗೇ ಅಂಟಿಕೊಂಡಿದ್ದರೆ ಹಾಡು ಬಡವಾಗಿ ಕೇಳುತ್ತದೆ. ನೋಟನ್ನು ಉದ್ದ ಹಿಡಿಯಿರಿ, ರೂಟಿನ ಮೇಲೆ ಆಕ್ಟೇವ್ ಅಥವಾ ಐದನೇ ನೋಟ್ ಸೇರಿಸಿ. ಇಲ್ಲಿ ಬದಲಿಸುವುದೇ ಮೂಲಕ್ಕೆ ಹತ್ತಿರ ಹೋಗುವ ದಾರಿ.

ಇನ್ನು ಗಾಯಕರ ಸ್ಕೇಲ್. 'ನನಗೆ ಎರಡು ಇಳಿಸಿ' ಅಂತ ಪ್ರಾಕ್ಟೀಸ್ ದಿನ ಹೇಳುವವರು ಪುಣ್ಯವಂತರು, ಸ್ಟೇಜಿನಲ್ಲಿ ಹೇಳುವವರೇ ಜಾಸ್ತಿ. ಇ ಸ್ಕೇಲಿನ ಹಾಡನ್ನು ಡಿಗೆ ಇಳಿಸಿದರೆ ನಾಲ್ಕು ತಂತಿಯ ಬೇಸಿನಲ್ಲಿ ಕೆಳಗಿನ ಆ ಡಿ ಇಲ್ಲವೇ ಇಲ್ಲ. ಐದು ತಂತಿಯದ್ದಾದರೆ ಸಿಗುತ್ತದೆ. ಆದರೆ ಅದರ ಕೆಳಗಿನ ಖಾಲಿ ಬಿ ತಂತಿ ಸುಮಾರು 31 ಹರ್ಟ್ಸ್. ಸಣ್ಣ ಕಾರ್ಯಕ್ರಮಗಳಿಗೆ ಬರುವ ಸ್ಪೀಕರುಗಳಲ್ಲಿ ಅಷ್ಟು ಕೆಳಗಿನದು ಸರಿಯಾಗಿ ಕೇಳುವುದೇ ಇಲ್ಲ, ಬರೀ ನಡುಗುತ್ತದೆ. ನಾನು ಕೆಂಪು ಗೆರೆಯ ಜಾಗವಾದರೆ ಇಡೀ ಸಾಲನ್ನೇ ಒಂದು ಆಕ್ಟೇವ್ ಮೇಲೆ ಒಯ್ಯುತ್ತೇನೆ. ಅರ್ಧ ಕೆಳಗೆ, ಅರ್ಧ ಮೇಲೆ ಅಂತ ಮುರಿಯುವುದಿಲ್ಲ. ಮುರಿದರೆ ಗುರುತು ಹೋಗುತ್ತದೆ.

ಹೆಜ್ಜೆ 7: ಹಾಲ್ ಏನು ಹೇಳುತ್ತದೆ ಅಂತ ಕೇಳಿ

ನಮ್ಮ ಪ್ರಾಕ್ಟೀಸ್ ನಡೆಯುವುದು ಡ್ರಮ್ಮರ್ ಮನೆಯ ಕಾಫಿ ಗೋಡೌನಿನಲ್ಲಿ. ಕೊಯ್ಲಿನ ಹೊತ್ತಿನಲ್ಲಿ ಒಣಗಿದ ಕಾಫಿಯ ಮೂಟೆ ಗೋಡೆಯುದ್ದಕ್ಕೂ ಏರಿರುತ್ತದೆ. ನಾವು ನಾಲ್ಕು ಜನ ಮಧ್ಯದ ಓಣಿಯಲ್ಲಿ. ಗೋಣಿಚೀಲ ಸದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಒಂದು ಫೆಬ್ರವರಿಯಲ್ಲಿ ಅಲ್ಲೇ ನಿಂತು ಮೋಟೌನ್ ಥರದ ಒಂದು ಹಳೆಯ ಸೋಲ್ (soul) ಹಾಡಿನ ಬೇಸನ್ನು ನೋಟಿಗೆ ನೋಟು ಕಲಿತೆ. ಒಂದೊಂದು ಬೀಟಿಗೆ ನಾಲ್ಕು ನಾಲ್ಕು ನೋಟು ಕಿಕ್ಕಿರಿದ ಸಾಲು. ಪ್ರತಿ ನೋಟೂ ಅಕ್ಕಿ ಕಾಳಿನ ಹಾಗೆ ಬಿಡಿಬಿಡಿಯಾಗಿ ಕೇಳುತ್ತಿತ್ತು. ಹೆಮ್ಮೆಯಿಂದ ಎದೆಯುಬ್ಬಿತ್ತು.

ಏಪ್ರಿಲಿನಲ್ಲಿ ಗೋಣಿಕೊಪ್ಪದ ಕಡೆ ಒಂದು ಮದುವೆ. ನೆಲಕ್ಕೆ ಗ್ರಾನೈಟ್, ಎತ್ತರದ ಛಾವಣಿ, ಎರಡೂ ಬದಿ ಗಾಜಿನ ಕಿಟಕಿ. ಅದೇ ಸಾಲು ನುಡಿಸಿದೆ. ಒಂದು ನೋಟಿನ ಗುಂಯ್‌ಕಾರ ಮುಗಿಯುವ ಮುಂಚೆ ಮುಂದಿನ ಮೂರು ನೋಟು ಅದರ ಮೇಲೆ ಬೀಳುತ್ತಿತ್ತು. ಗಂಜಿ ಕಲಸಿದ ಹಾಗಾಯಿತು. ಹಾಡು ಮುಗಿದ ಕೂಡಲೇ ಡ್ರಮ್ಮರ್ ಬಗ್ಗಿ ಹೇಳಿದ. 'ನೀನು ಏನು ನುಡಿಸ್ತಿದ್ದೀಯ ಅಂತ ಪಕ್ಕದಲ್ಲಿ ಕೂತ ನನಗೇ ಗೊತ್ತಾಗ್ತಿಲ್ಲ ಮಾರಾಯ. ಸುಮ್ನೆ ಒಂದೊಂದೇ ನೋಟ್ ಹಿಡಿ.'

ಖಾಲಿ ಇ ತಂತಿಯ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಜಾಸ್ತಿ. ಅಂಥದ್ದು ಗೋಡೆಗೆ ಬಡಿದು ವಾಪಸ್ ಬರುತ್ತಿರುವಾಗ ನಿಮ್ಮ ಬೆರಳಿನ ಚುರುಕುತನ ಯಾರಿಗೂ ತಲುಪುವುದಿಲ್ಲ. ಆದ್ದರಿಂದ ಓಡುವ ಸಾಲುಗಳಿಗೆ ಮನೆಯಲ್ಲೇ ಒಂದು ತೆಳು ಆವೃತ್ತಿ ಮಾಡಿಟ್ಟುಕೊಳ್ಳಿ. ಬಾರಿನ ಮೊದಲ ನೋಟ್ ಇರಲಿ. ಕಿಕ್ ಜೊತೆ ಬೀಳುವವು ಇರಲಿ. ಮುಂದಿನ ಕಾರ್ಡಿಗೆ ಕೈ ಹಿಡಿದು ಕರೆದೊಯ್ಯುವ ಕೊನೆಯ ನೋಟ್ ಇರಲಿ. ಮಧ್ಯೆ ಅದೇ ನೋಟು ಮತ್ತೆ ಮತ್ತೆ ಬರುವುದನ್ನು ಬಿಟ್ಟುಬಿಡಿ. ಆಂಪ್ಲಿಫೈಯರಿನಲ್ಲಿ ಬೇಸ್ ತಿರುಗಣೆಯನ್ನು ಇಳಿಸಿ ಮಿಡ್ (ಮಧ್ಯದ ದನಿ) ಸ್ವಲ್ಪ ಏರಿಸಿ, ಬ್ರಿಡ್ಜ್ ಕಡೆಗೆ ಸರಿದು ಮೀಟಿ. ಸೌಂಡ್ ಚೆಕ್ ಹೊತ್ತಿಗೆ ಹಾಲ್ ಖಾಲಿ ಇರುತ್ತದೆ, ಜನ ತುಂಬಿದ ಮೇಲೆ ಗುಂಯ್ ಅನ್ನುವುದು ಸ್ವಲ್ಪ ಇಳಿಯುತ್ತದೆ. ಹಾಗಾಗಿ ಎರಡನೇ ಹಾಡಿನ ಹೊತ್ತಿಗೆ ಗೆಳೆಯರೊಬ್ಬರನ್ನು ಹಿಂದಿನ ಸಾಲಿಗೆ ಕಳಿಸಿ, ಕೈ ಸನ್ನೆ ಮಾಡಲು ಹೇಳಿ.

ರೆಸಾರ್ಟಿನ ಹುಲ್ಲುಹಾಸಿನಲ್ಲಿ ಇದೆಲ್ಲ ತಲೆಕೆಳಗು. ಗೋಡೆಯೇ ಇಲ್ಲ, ಬೇಸ್ ಹೋದದ್ದು ತೋಟದೊಳಗೆ ಹೋಗೇ ಬಿಡುತ್ತದೆ. ಅಲ್ಲಿ ರೆಕಾರ್ಡಿನ ಎಲ್ಲ ನೋಟೂ ನುಡಿಸಿ, ಸ್ವಲ್ಪ ಉದ್ದವಾಗಿಯೇ ಹಿಡಿಯಿರಿ.

ಹೆಜ್ಜೆ 8: ಮುಗಿಸುವುದು ರೆಕಾರ್ಡಿನಲ್ಲಿಲ್ಲ

ಎಷ್ಟೋ ಹಾಡುಗಳು ರೆಕಾರ್ಡಿನಲ್ಲಿ ಮುಗಿಯುವುದೇ ಇಲ್ಲ, ಸದ್ದು ಸಣ್ಣಗಾಗುತ್ತಾ ಕರಗುತ್ತದೆ. 'ಹೋಟೆಲ್ ಕ್ಯಾಲಿಫೋರ್ನಿಯಾ' ಗಿಟಾರುಗಳ ಮಧ್ಯೆಯೇ ಕರಗಿ ಹೋಗುತ್ತದೆ. ಸ್ಟೇಜಿನಲ್ಲಿ ಹಾಗೆ ಕರಗಲು ಆಗುವುದಿಲ್ಲ. ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡುತ್ತಾ ಮೆಲ್ಲಗೆ ಮೆಲ್ಲಗೆ ನುಡಿಸಿದರೆ ಜನ ಕರೆಂಟ್ ಹೋಯಿತು ಅಂತ ತಿಳಿಯುತ್ತಾರೆ. ಮಳೆಗಾಲದಲ್ಲಂತೂ ಖಂಡಿತ.

ಆ ಬ್ಯಾಂಡಿನವರು ಲೈವ್ ಕಾರ್ಯಕ್ರಮದಲ್ಲಿ ಹೇಗೆ ಮುಗಿಸುತ್ತಾರೆ ಅಂತ ಮೊದಲು ನೋಡಿ. ಒಗ್ಗಿದರೆ ಅದನ್ನೇ ತೆಗೆದುಕೊಳ್ಳಿ. ಇಲ್ಲದಿದ್ದರೆ ಹಾಡಿನ ಗುರುತಿನ ಸಾಲನ್ನೇ ಕೊನೆಗೊಮ್ಮೆ ಎಲ್ಲರೂ ಸೇರಿ ನುಡಿಸಿ ರೂಟ್ ನೋಟಿನಲ್ಲಿ ನಿಲ್ಲಿ. ಯಾರು ಸನ್ನೆ ಮಾಡಬೇಕು ಅಂತ ಪ್ರಾಕ್ಟೀಸಿನಲ್ಲೇ ತೀರ್ಮಾನ ಆಗಲಿ. ನಮ್ಮಲ್ಲಿ ಅದು ನನ್ನ ಕೆಲಸ. ಬೇಸಿನ ಕುತ್ತಿಗೆಯನ್ನು ಒಂದು ಸಲ ಮೇಲೆತ್ತಿದರೆ ಇನ್ನು ನಾಲ್ಕು ಬಾರ್ ಅಂತ ಅರ್ಥ. ರಾತ್ರಿ ಹತ್ತಕ್ಕೆ ಸ್ಪೀಕರ್ ನಿಲ್ಲಿಸಬೇಕು ಅನ್ನುವುದು ಕಾನೂನು. ಹಾಗಾಗಿ ಕೊನೆಯ ಹಾಡಿಗೆ ಎರಡು ನಿಮಿಷದ ಗಿಡ್ಡ ರೂಪವೂ ತಯಾರಿರಲಿ. ಒಂದು ಪಲ್ಲವಿ, ಒಂದು ಚರಣ, ಮತ್ತೆ ಪಲ್ಲವಿ, ಕುತ್ತಿಗೆ ಮೇಲೆ.